ಕೋವಿಗೆ ಮೊದಲು ಕನ್ನಡಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ತೋಟದ ಮನೆಗಳಲ್ಲಿ ಬೆಳೆರಕ್ಷಣೆಯ ಲೈಸೆನ್ಸಿನ ಕೋವಿ ಇರುವುದು ಹೊಸತಲ್ಲ. ಅದನ್ನು ಎತ್ತುವವರ ವಯಸ್ಸು ಮಾತ್ರ ಏರುತ್ತ ಬಂದಿದೆ. ಮಕ್ಕಳು ಬೆಂಗಳೂರು, ದುಬಾಯಿ ಸೇರಿದರು. ಹಂದಿ, ಮಂಗಗಳೊಡನೆ ಹೋರಾಡಲು ಉಳಿದವರು ಅರುವತ್ತು ದಾಟಿದ ಯಜಮಾನರು.

ನಮ್ಮವರೂ ಹಾಗೆಯೇ. "ಈ ಮಣಿಯೇ ಸರಿ ಇಲ್ಲ ಮಾರಾಯ್ತಿ, ನಳಿಗೆಯ ತುದಿಯಲ್ಲಿ ಉಂಟೋ ಇಲ್ಲವೋ ಅಂತಲೇ ಗೊತ್ತಾಗುವುದಿಲ್ಲ" ಎಂದು ರಗಳೆ ಶುರುವಾಯಿತು. ಮೂಡುಬಿದಿರೆಯಿಂದ ಬಂದ ನನ್ನ ತಮ್ಮ "ಮಣಿಗೆ ಬಿಳಿ ಪೈಂಟ್ ಹಚ್ಚಿ ಭಾವ" ಎಂದ. ಒಬ್ಬರು ಹಿಂದಿನ ಕಚ್ಚನ್ನು ಅಗಲ ಮಾಡಿಸಲು ಹೇಳಿದರು. ಇನ್ನೊಬ್ಬರು ಕಚ್ಚಿನ ಬದಲು ತೂತಿರುವ ಬಿಲ್ಲೆ ಕೂರಿಸಿ ಎಂದರು. ಕೋವಿಗೆ ಇಷ್ಟೆಲ್ಲ ಔಷಧ! ಮನುಷ್ಯನ ಕಣ್ಣಿನ ಸುದ್ದಿ ಒಬ್ಬರೂ ಎತ್ತಲಿಲ್ಲ.

ನಾನು ಕನ್ನಡ ಟೀಚರು, ಆದರೂ ಇಷ್ಟು ಬಲ್ಲೆ. ಹಿಂದಿನ ಕಚ್ಚು, ತುದಿಯ ಮಣಿ, ದೂರದ ಪ್ರಾಣಿ, ಈ ಮೂರೂ ಯಾರ ಕಣ್ಣಿಗೂ ಒಟ್ಟಿಗೆ ತಿಳಿಯಾಗಿ ಕಾಣುವುದಿಲ್ಲ. ಎಳೆಯ ಕಣ್ಣು ಒಂದರಿಂದ ಇನ್ನೊಂದಕ್ಕೆ ಸರಕ್ಕನೆ ಹೊರಳುತ್ತದೆ. ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಬಿರುಸಾಗಿ ಆ ಶಕ್ತಿ ಕುಂದುತ್ತದೆ. ಪೇಪರನ್ನು ಕೈ ಚಾಚಿ ಓದುವುದು ಇದಕ್ಕೇ.

ತೂತಿನ ಬಿಲ್ಲೆ ಸುಳ್ಳಲ್ಲ. ಪೋಸ್ಟ್ ಕಾರ್ಡಿಗೆ ಗುಂಡುಸೂಜಿ ಚುಚ್ಚಿ, ಆ ತೂತಿನಿಂದ ನೋಡಿ. ಕನ್ನಡಕವಿಲ್ಲದೆಯೂ ಅಕ್ಷರ ಸ್ಪಷ್ಟವಾಗುತ್ತದೆ. ಆದರೆ ಅದು ಹಗಲಿನ ಆಟ. ಹಂದಿ ಬರುವುದು ಕತ್ತಲಲ್ಲಿ. ಆಗ ಚಿಕ್ಕ ತೂತು ಇದ್ದ ಬೆಳಕನ್ನೂ ನುಂಗುತ್ತದೆ. ಪೊರೆ ಬಂದ ಕಣ್ಣಿಗಂತೂ ಪೈಂಟೂ ಇಲ್ಲ, ಬಿಲ್ಲೆಯೂ ಇಲ್ಲ, ಆಪರೇಷನ್ನೇ ಗತಿ. ಮಣಿಯ ದೂರಕ್ಕೆ ಸರಿಯಾದ ಕನ್ನಡಕ ಹಾಕಿದರೆ ಮಣಿ ಕಾಣುತ್ತದೆ, ಎದುರಿನದು ಮಸುಕಾಗುತ್ತದೆ. 'ಮಣಿ ತಿಳಿಯಾಗಿರಲಿ, ಗುರಿ ಮಸುಕಾದರೂ ಆದೀತು' ಎನ್ನುತ್ತಾರೆ ಬಲ್ಲವರು. ಹಲಗೆಗೆ ಗುರಿಯಿಡುವವರಿಗೆ ಅದು ಸರಿ. ತೋಟದಲ್ಲಿ ಮಸುಕಾಗಿ ಕಂಡದ್ದು ಹಂದಿಯೇ ಎಂದು ಹೇಳುವವರು ಯಾರು?

ನಮ್ಮ ತೋಟದಲ್ಲಿ ಅದು ಹಂದಿಯಾಗಿರಲಿಲ್ಲ. ಮುಸ್ಸಂಜೆಯಲ್ಲಿ ಕಂದು ಶಾಲು ಹೊದ್ದು, ಪಂಪು ಬಂದ್ ಮಾಡಿ, ಬಿದ್ದ ಅಡಿಕೆ ಹೆಕ್ಕಲು ಬಗ್ಗಿದ ನಾನು. ನಳಿಗೆ ನನ್ನ ಕಡೆ ತಿರುಗಿದ್ದು ಕಂಡು "ನಾನು ಮಾರಾಯ್ರೇ!" ಎಂದು ಕೂಗಿದೆ. ಆ ರಾತ್ರಿ ಇಬ್ಬರೂ ಉಣ್ಣಲಿಲ್ಲ.

ಬೆಳೆ ಹಾಳಾಗಲಿ ಎನ್ನುವವಳು ನಾನಲ್ಲ. ಒಂದೇ ರಾತ್ರಿಯಲ್ಲಿ ಬಾಳೆಯೆಲ್ಲ ಮಗುಚಿದ್ದನ್ನು ಕಂಡು ಅತ್ತವಳೇ. ಬೆಳ್ತಂಗಡಿಯ ಎಷ್ಟೋ ಗ್ರಾಮಗಳ ಬೆನ್ನಿಗೇ 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖದ ಕಾಡಿದೆ. ಪ್ರಾಣಿಗಳು ಬಂದೇ ಬರುತ್ತವೆ. ಆದರೆ 1972ರ ವನ್ಯಜೀವಿ ಕಾಯ್ದೆಯ ಮೇಲೆ ಬೇಟೆ ಅಪರಾಧ, ಬೆಳೆರಕ್ಷಣೆಯ ಲೈಸೆನ್ಸು ಬೇಟೆಯ ಪರವಾನಗಿಯಲ್ಲ. ಓಡಿಸಲು ಸದ್ದು ಸಾಕು. ಸದ್ದಿಗೆ ಮಣಿ ಯಾಕೆ?

ಚುನಾವಣೆಗೆ ಕೋವಿ ಠಾಣೆಯಲ್ಲಿಡಿ ಎಂದರೆ ನಮ್ಮ ಗಂಡಸರು ಊರು ಒಂದು ಮಾಡುತ್ತಾರೆ. ಕಣ್ಣು ತೋರಿಸಿ ಎಂದರೆ ಮಾನ ಹೋಗುತ್ತದೆ! ನಲವತ್ತು ದಾಟಿದವರು ವಾಹನದ ಲೈಸೆನ್ಸಿಗೆ ವೈದ್ಯರ ಸರ್ಟಿಫಿಕೇಟು ಕೊಡುತ್ತಾರಲ್ಲ, ಕೋವಿ ಹಿಡಿಯುವವರು ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಮಾಡಿಸಿಕೊಂಡರೆ ಕಳೆದುಕೊಳ್ಳುವುದೇನು? ಇದನ್ನು ಸರಕಾರ ಹೇಳುವವರೆಗೆ ಕಾಯಬೇಡಿ, ತಂಗಿಯರೇ. ಸಂಜೆ ತೋಟಕ್ಕೆ ಇಳಿಯುವವರು ನಾವು, ನಮ್ಮ ಕೆಲಸದ ಹೆಂಗಸರು.

ನಮ್ಮ ಮನೆಯಲ್ಲಿ ತೋಟೆಗಳ ಪೆಟ್ಟಿಗೆಯ ಬೀಗದಕೈ ಈಗ ನನ್ನ ಸೆರಗಿನ ಗಂಟಿನಲ್ಲಿದೆ. ಕಣ್ಣಿನ ಡಾಕ್ಟರ ಚೀಟಿ ಬರಲಿ, ಆಮೇಲೆ ಮಾತಾಡುವ.