ಬಾಯಿಮಾತಿನ ವಾಟಣಿ, ಉತಾರದಲ್ಲಿಲ್ಲದ ಹೆಣ್ಣುಮಕ್ಕಳು

ಚಿಕ್ಕೋಡಿ: ಕೃಷ್ಣಾ ದಂಡೆಯ ಕಬ್ಬಿನ ಭೂಮಿಯಿರಲಿ, ನಿಪ್ಪಾಣಿ ಭಾಗದ ತಂಬಾಕಿನ ಹೊಲವಿರಲಿ, ಆಸ್ತಿಯ ಪ್ರಶ್ನೆ ಎದುರಾದಾಗ ಗಡಿ ತಾಲ್ಲೂಕುಗಳ ಜನ ಮೊದಲು ತೆಗೆದು ತೋರಿಸುವುದು ಉತಾರವನ್ನು. ಉತಾರದಲ್ಲಿ ಹೆಸರಿದ್ದರೆ ಹೊಲ ನಮ್ಮದು, ಇಲ್ಲದಿದ್ದರೆ ಇಲ್ಲ ಎಂಬ ನಂಬಿಕೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಬೇರೂರಿದೆ. ಅಣ್ಣತಮ್ಮಂದಿರು ಹಿರಿಯರ ಎದುರು ಕುಳಿತು ಬಾಯಿಮಾತಿನಲ್ಲಿ ವಾಟಣಿ ಮಾಡಿಕೊಳ್ಳುವುದು, ತಲಾಠಿಗೆ ಒಂದು ವರ್ದಿ ಕೊಟ್ಟು ಹೆಸರು ದಾಖಲಿಸಿಕೊಳ್ಳುವುದು ಇಲ್ಲಿನ ಹಳೆಯ ಪದ್ಧತಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಆ ವರ್ದಿಯಲ್ಲಿ ಇರುತ್ತಿದ್ದುದು ಅಪರೂಪ.

ಈ ಪದ್ಧತಿಗೆ ಇದ್ದ ರಕ್ಷಣೆಯನ್ನು ಕಾನೂನು ಬಹುಮಟ್ಟಿಗೆ ಹಿಂದಕ್ಕೆ ಪಡೆದಿದೆ. ತೀರಿಹೋದವರ ಹೆಸರಿನಲ್ಲೇ ಉಳಿದಿರುವ ಜಮೀನುಗಳನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಅಭಿಯಾನ ಕೈಗೊಂಡ ನಂತರ ಈ ವಿಷಯಕ್ಕೆ ಮತ್ತಷ್ಟು ಮಹತ್ವ ಬಂದಿದೆ. ಪೌತಿ ಖಾತೆಗೆ ವಂಶಾವಳಿ ಬೇಕು. ಆ ವಂಶಾವಳಿಯಲ್ಲಿ ಯಾರ ಹೆಸರು ಬರೆಯಲಾಗುತ್ತದೆ, ಯಾರ ಹೆಸರು ಬಿಡಲಾಗುತ್ತದೆ ಎಂಬುದರ ಮೇಲೆ ಮುಂದಿನ ತಲೆಮಾರಿನ ವ್ಯಾಜ್ಯ ನಿರ್ಧಾರವಾಗಲಿದೆ.

ಉತಾರ ಒಡೆತನದ ಪತ್ರವಲ್ಲ

ಉತಾರ ಅಥವಾ ಪಹಣಿ ಮೂಲತಃ ಕಂದಾಯ ದಾಖಲೆ. ಭೂಮಿಯ ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರರು, ಸಾಗುವಳಿ ಮತ್ತು ಬೋಜಾ ಕುರಿತ ವಿವರಗಳನ್ನು ಅದು ಹೇಳುತ್ತದೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ ಅದರಲ್ಲಿನ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ಮಾತ್ರ ನಿಜವೆಂದು ಭಾವಿಸಲಾಗುತ್ತದೆ. ಕಂದಾಯ ದಾಖಲೆಯಲ್ಲಿನ ಹೆಸರು ಒಡೆತನವನ್ನು ಸೃಷ್ಟಿಸುವುದಿಲ್ಲ, ಹೆಸರಿಲ್ಲದಿರುವುದು ಒಡೆತನವನ್ನು ಕಸಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ಬಾರಿ ಸ್ಪಷ್ಟಪಡಿಸಿದೆ.

ಆದರೂ ಜನ ಉತಾರಕ್ಕೆ ಅಷ್ಟು ಬೆಲೆ ಕೊಡುವುದಕ್ಕೆ ಕಾರಣಗಳಿವೆ. ಪಿಕೆಪಿಎಸ್‌ನಲ್ಲಿ ಬೆಳೆಸಾಲ ಪಡೆಯಲು ಉತಾರ ಬೇಕು. ಪಿ.ಎಂ. ಕಿಸಾನ್ ಹಣಕ್ಕೂ ಅದೇ ಆಧಾರ. 2005, 2019 ಮತ್ತು 2021ರಲ್ಲಿ ಕೃಷ್ಣೆ ಮತ್ತು ಅದರ ಉಪನದಿಗಳು ಉಕ್ಕಿ ಹರಿದಂಥ ಸಂದರ್ಭದಲ್ಲಿ ಬೆಳೆ ಪರಿಹಾರ ಸಲ್ಲುವುದು ದಾಖಲೆಯಲ್ಲಿ ಹೆಸರಿದ್ದವರಿಗೆ. ಹೀಗಾಗಿ ಉತಾರದಲ್ಲಿ ಹೆಸರಿದ್ದವರು ವರ್ಷಗಟ್ಟಲೆ ಒಡೆಯರಂತೆಯೇ ನಡೆದುಕೊಳ್ಳುತ್ತಾರೆ. ಹೆಸರಿಲ್ಲದವರು ತಮಗೆ ಹಕ್ಕೇ ಇಲ್ಲವೆಂದು ಸುಮ್ಮನಾಗುತ್ತಾರೆ. ಎರಡೂ ತಪ್ಪು ತಿಳಿವಳಿಕೆ.

ಬೆಳಗಾವಿಯಿಂದ ಹೊರಟ ಪ್ರಕರಣ

ಹೆಣ್ಣುಮಕ್ಕಳ ಹಕ್ಕಿನ ಇತಿಹಾಸದಲ್ಲಿ ಬೆಳಗಾವಿಗೆ ವಿಶೇಷ ಸ್ಥಾನವಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಪಿತ್ರಾರ್ಜಿತ ಆಸ್ತಿಗೆ ಹುಟ್ಟಿನಿಂದ ಹಕ್ಕುದಾರರಾಗಿದ್ದವರು ಗಂಡುಮಕ್ಕಳು ಮಾತ್ರ. ಕರ್ನಾಟಕ ಸರ್ಕಾರ ತನ್ನದೇ ತಿದ್ದುಪಡಿ ತಂದು 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೂ ಆ ಹಕ್ಕು ನೀಡಿತು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಗಡಿಯಾಚೆಯ ಮಹಾರಾಷ್ಟ್ರ ಅದೇ ವರ್ಷದ ಜೂನ್ 22ರಿಂದ ಜಾರಿಗೆ ತಂದ ತಿದ್ದುಪಡಿಯಲ್ಲೂ ಇದೇ ಮಿತಿ ಇತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. ಮದುವೆಯಾಗಿರಲಿ, ಆಗದಿರಲಿ, ಮಗಳು ಮಗನಷ್ಟೇ ಹಕ್ಕುದಾರಳಾದಳು. ಈ ಕಾಯ್ದೆ ಲಿಂಗಾಯತರಿಗೂ, ಗಡಿ ತಾಲ್ಲೂಕುಗಳಲ್ಲಿ ಗಣನೀಯ ಸಂಖ್ಯೆಯಲ್ಲಿರುವ ಜೈನರಿಗೂ ಅನ್ವಯಿಸುತ್ತದೆ. ಮುಸ್ಲಿಂ ಕುಟುಂಬಗಳ ಉತ್ತರಾಧಿಕಾರ ಅವರ ವೈಯಕ್ತಿಕ ಕಾನೂನಿಗೆ ಒಳಪಟ್ಟದ್ದು.

ತಂದೆ 2005ಕ್ಕೆ ಮುನ್ನವೇ ತೀರಿಕೊಂಡಿದ್ದರೆ ಹೇಗೆ ಎಂಬ ಪ್ರಶ್ನೆ ಮಾತ್ರ ಉಳಿಯಿತು. ಅದಕ್ಕೆ ಸುಪ್ರೀಂ ಕೋರ್ಟ್ ಮೊದಲು ಉತ್ತರ ಕೊಟ್ಟದ್ದು ಬೆಳಗಾವಿಯ ಸಿವಿಲ್ ನ್ಯಾಯಾಲಯದಲ್ಲಿ 1992ರಲ್ಲಿ ಹೂಡಿದ್ದ ಪಾಲು ದಾವೆಯಲ್ಲಿ. ‘ಪ್ರಕಾಶ್ ವಿರುದ್ಧ ಫುಲಾವತಿ’ ಎಂದು ಪ್ರಸಿದ್ಧವಾದ ಈ ಪ್ರಕರಣದಲ್ಲಿ ತಂದೆ 1988ರಲ್ಲೇ ನಿಧನರಾಗಿದ್ದರು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ, ಮಗಳು ಇಬ್ಬರೂ ಬದುಕಿದ್ದರೆ ಮಾತ್ರ ಹೊಸ ಹಕ್ಕು ಎಂದು 2015ರ ಅಕ್ಟೋಬರ್ 16ರಂದು ನ್ಯಾಯಾಲಯ ತೀರ್ಪಿತ್ತಿತು. ಇದರಿಂದ ತಂದೆಯನ್ನು ಬೇಗ ಕಳೆದುಕೊಂಡ ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದಂತಾಯಿತು. 2018ರ ಇನ್ನೊಂದು ತೀರ್ಪು ಬೇರೆ ದಿಕ್ಕಿನಲ್ಲಿ ಸಾಗಿದ್ದರಿಂದ ಗೊಂದಲ ಹೆಚ್ಚಿತು. ಕೊನೆಗೆ 2020ರ ಆಗಸ್ಟ್ 11ರಂದು ‘ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ’ ಪ್ರಕರಣದಲ್ಲಿ ತ್ರಿಸದಸ್ಯ ಪೀಠವು ಹಕ್ಕು ಹುಟ್ಟಿನಿಂದಲೇ ಬರುವುದರಿಂದ 2005ರಲ್ಲಿ ತಂದೆ ಬದುಕಿರಬೇಕಾದ ಅಗತ್ಯವಿಲ್ಲ ಎಂದು ಘೋಷಿಸಿ, ಬೆಳಗಾವಿ ಪ್ರಕರಣದಲ್ಲಿ ಹೇಳಿದ್ದ ತತ್ತ್ವವನ್ನು ತಳ್ಳಿಹಾಕಿತು.

ಹನ್ನೆರಡು ಎಕರೆಯ ಲೆಕ್ಕ

ಈ ಬದಲಾವಣೆಯ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಕುಟುಂಬಕ್ಕೆ 12 ಎಕರೆ ಪಿತ್ರಾರ್ಜಿತ ಭೂಮಿ ಇದೆ ಎಂದುಕೊಳ್ಳೋಣ. ತಾಯಿ ಮೊದಲೇ ತೀರಿದ್ದಾಳೆ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದಾನೆ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. 1956ರ ಕಾಯ್ದೆಯ ಮೂಲ ರೂಪದಂತೆ ತಂದೆ ಮತ್ತು ಇಬ್ಬರು ಗಂಡುಮಕ್ಕಳಿಗೆ ತಲಾ 4 ಎಕರೆ. ತಂದೆಯ 4 ಎಕರೆ ನಾಲ್ವರು ಮಕ್ಕಳಿಗೆ ಸಮನಾಗಿ ಹಂಚಿಕೆಯಾಗುತ್ತಿತ್ತು. ಅಂದರೆ ಗಂಡುಮಕ್ಕಳಿಗೆ ತಲಾ 5 ಎಕರೆ, ಹೆಣ್ಣುಮಕ್ಕಳಿಗೆ ತಲಾ 1 ಎಕರೆ. ಈಗಿನ ಕಾನೂನಿನಂತೆ ನಾಲ್ವರಿಗೂ ತಲಾ 3 ಎಕರೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಾಯಿಮಾತಿನ ವಾಟಣಿಯಲ್ಲಿ ಅಣ್ಣತಮ್ಮಂದಿರು ತಲಾ 6 ಎಕರೆ ಹಂಚಿಕೊಂಡಿದ್ದರೆ ಅದು 1956ರ ಕಾನೂನಿಗೂ ವಿರುದ್ಧವಾಗಿತ್ತು. ಹೆಣ್ಣುಮಕ್ಕಳಿಗೆ ಹಕ್ಕು ಬಂದದ್ದು ಇತ್ತೀಚೆಗೆ ಎಂಬ ವಾದ ಪೂರ್ಣ ಸತ್ಯವಲ್ಲ. ‘ಮದುವೆಗೆ ಖರ್ಚು ಮಾಡಿದ್ದೇವೆ, ಬಂಗಾರ ಹಾಕಿದ್ದೇವೆ’ ಎಂಬ ಮಾತೂ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಮದುವೆಯ ಖರ್ಚಿನಿಂದ ಪಾಲಿನ ಹಕ್ಕು ತೀರುವುದಿಲ್ಲ.

ವರ್ದಿಗೆ ಎಷ್ಟು ಬೆಲೆ?

ಹಾಗಾದರೆ ಹಳೆಯ ವಾಟಣಿಗಳೆಲ್ಲ ಬಿದ್ದುಹೋಗುತ್ತವೆಯೇ? ಇಲ್ಲ. 2004ರ ಡಿಸೆಂಬರ್ 20ಕ್ಕೆ ಮುನ್ನ ನಡೆದ ಪಾಲುಪಟ್ಟಿ, ಮಾರಾಟ ಇತ್ಯಾದಿಗಳನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. ಆದರೆ ಪಾಲು ಎಂದರೆ ನೋಂದಾಯಿತ ಪತ್ರದ ಮೂಲಕ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಆದದ್ದು ಎಂದು ಕಾಯ್ದೆಯೇ ವಿವರಣೆ ನೀಡಿದೆ. ಗಡಿ ತಾಲ್ಲೂಕುಗಳ ಅಸಂಖ್ಯ ವಾಟಣಿಗಳು ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ.

2020ರ ತೀರ್ಪು ಇಲ್ಲೊಂದು ಕಿರಿದಾದ ದಾರಿಯನ್ನು ಉಳಿಸಿದೆ. ಬಾಯಿಮಾತಿನ ವಾಟಣಿ ಸಾರ್ವಜನಿಕ ದಾಖಲೆಗಳಿಂದ ಸಮರ್ಥಿತವಾಗಿ, ಡಿಕ್ರಿಯಿಂದ ಆದಷ್ಟೇ ಖಚಿತವಾಗಿ ಸಾಬೀತಾದರೆ ಅಪರೂಪದ ಪ್ರಕರಣಗಳಲ್ಲಿ ಒಪ್ಪಬಹುದು. ಬರೀ ಸಾಕ್ಷಿಗಳ ಮಾತನ್ನು ನಂಬಿ ಒಪ್ಪುವಂತಿಲ್ಲ. ಹೀಗಾಗಿ 2004ಕ್ಕೆ ಬಹಳ ಮೊದಲೇ ವರ್ದಿ ಕೊಟ್ಟು, ಖಾತೆ ಬೇರೆಯಾಗಿ, ಪ್ರತ್ಯೇಕ ಸಾಲ ಪಡೆದು, ಪ್ರತ್ಯೇಕ ಕಂದಾಯ ಕಟ್ಟುತ್ತ ಬಂದ ಕುಟುಂಬಕ್ಕೆ ವಾದಿಸಲು ಆಧಾರವಿದೆ. ಇತ್ತೀಚೆಗೆ ಹಳೆಯ ದಿನಾಂಕ ಹೇಳಿ ಪಾಲಾಗಿದೆ ಎನ್ನುವವರಿಗೆ ಇಲ್ಲ. ಕಾನೂನು ಸಂಶಯದಿಂದ ನೋಡುವುದು ಈ ಎರಡನೆಯ ಬಗೆಯನ್ನು.

ಪಿತ್ರಾರ್ಜಿತ, ಸ್ವಯಾರ್ಜಿತ

ಅಜ್ಜನ ಹೆಸರಿನಲ್ಲಿದ್ದ ಆಸ್ತಿಯೆಲ್ಲ ಪಿತ್ರಾರ್ಜಿತ ಎಂಬ ಭಾವನೆಯೂ ವ್ಯಾಪಕವಾಗಿದೆ. ಇದು ಸರಿಯಲ್ಲ. ತಂದೆ ಸ್ವಂತ ದುಡಿಮೆಯಿಂದ ಕೊಂಡ ಹೊಲ ಅಥವಾ ನಿವೇಶನದ ಮೇಲೆ ಅವನು ಬದುಕಿರುವವರೆಗೆ ಮಕ್ಕಳಿಗೆ ಹಕ್ಕಿಲ್ಲ. ಅದನ್ನು ಅವನು ಮಾರಬಹುದು, ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಉಯಿಲು ಇಲ್ಲದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಬದುಕಿದ್ದರೆ ತಾಯಿ ಸಮಾನ ಪಾಲು ಪಡೆಯುತ್ತಾರೆ. ಹೀಗೆ ಬಂದ ಪಾಲು ಮಗನ ಕೈಯಲ್ಲಿ ಅವನ ಪ್ರತ್ಯೇಕ ಆಸ್ತಿಯೇ ಹೊರತು ಪಿತ್ರಾರ್ಜಿತವಲ್ಲ ಎಂದು ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ.

ಭೂಸುಧಾರಣೆಯಲ್ಲಿ ಬಂದ ಜಮೀನಿನ ಪ್ರಶ್ನೆ ಇನ್ನೊಂದು ಬಗೆಯದು. 1974ರ ತಿದ್ದುಪಡಿಯ ನಂತರ ಫಾರಂ ನಂಬರ್ 7ರ ಅರ್ಜಿಯನ್ನು ಎಷ್ಟೋ ಕಡೆ ಹಿರಿಯಣ್ಣ ಒಬ್ಬನೇ ಸಲ್ಲಿಸಿದ್ದಾನೆ. ಗೇಣಿ ಇಡೀ ಕುಟುಂಬದ್ದಾಗಿತ್ತು ಎಂದು ಸಾಬೀತಾದರೆ, ಆದೇಶ ಒಬ್ಬನ ಹೆಸರಿನಲ್ಲಿದ್ದರೂ ಹಕ್ಕು ಕುಟುಂಬಕ್ಕೆ ಸೇರುತ್ತದೆ.

ಗಡಿಯಾಚೆಗೆ ಹೋದ ಮಗಳು

ಕೊಲ್ಲಾಪುರ, ಕಾಗಲ್, ಇಚಲಕರಂಜಿ, ಮಿರಜ, ಸಾಂಗ್ಲಿಗಳೊಂದಿಗೆ ಇಲ್ಲಿನ ಕುಟುಂಬಗಳಿಗೆ ತಲೆಮಾರುಗಳ ನೆಂಟಸ್ತಿಕೆ ಇದೆ. ರಾಜ್ಯದ ಗಡಿ ದಾಟಿ ಮದುವೆಯಾದ ಮಾತ್ರಕ್ಕೆ ತವರಿನ ಹಕ್ಕು ಹೋಗುವುದಿಲ್ಲ. ಆದರೆ ಪ್ರಾಯೋಗಿಕ ತೊಡಕಿದೆ. ಖಾತೆ ಬದಲಾವಣೆಗೆ ಆಕ್ಷೇಪಣೆ ಕೇಳಿ ಚಾವಡಿಯಲ್ಲಿ ಅಂಟಿಸುವ ನೋಟಿಸು ಗಡಿಯಾಚೆಗಿರುವ ಮಗಳ ಕಣ್ಣಿಗೆ ಬೀಳುವುದಿಲ್ಲ. ವಿಷಯ ತಿಳಿಯುವ ಹೊತ್ತಿಗೆ ಖಾತೆ ಬದಲಾಗಿ, ಹೊಲದ ಮೇಲೆ ಸಾಲದ ಬೋಜಾ ಏರಿರುತ್ತದೆ.

ಕಂದಾಯ ದಾಖಲೆ ಈಗ ‘ಭೂಮಿ’ ವ್ಯವಸ್ಥೆಯ ಮೂಲಕ ಗಣಕೀಕೃತವಾಗಿರುವುದರಿಂದ ತವರಿನ ಸರ್ವೆ ನಂಬರು ಗೊತ್ತಿದ್ದವರು ಎಲ್ಲಿಂದಲಾದರೂ ಪಹಣಿ ಪರಿಶೀಲಿಸಬಹುದು. ಆದೇಶದಿಂದ ಬಾಧಿತರಾದವರು ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಜಿಲ್ಲಾಧಿಕಾರಿಗೆ ಪುನರ್‌ಪರಿಶೀಲನಾ ಅರ್ಜಿ ಸಲ್ಲಿಸಬಹುದು. ಆದರೆ ಪಾಲು ಎಷ್ಟು ಎಂಬುದನ್ನು ನಿರ್ಣಯಿಸುವ ಅಧಿಕಾರ ಕಂದಾಯ ಅಧಿಕಾರಿಗಳಿಗಿಲ್ಲ. ಅದು ಸಿವಿಲ್ ನ್ಯಾಯಾಲಯದ ಕೆಲಸ. ಕುಟುಂಬದ ಭೂಮಿ ಎರಡೂ ರಾಜ್ಯಗಳಲ್ಲಿದ್ದರೆ, ಅದರ ಯಾವುದಾದರೂ ಭಾಗ ಇರುವ ಕಡೆಯ ನ್ಯಾಯಾಲಯದಲ್ಲಿ ಒಂದೇ ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಕಲಮು ಅವಕಾಶ ನೀಡುತ್ತದೆ.

ದೀರ್ಘ ದಾರಿ, ಹತ್ತಿರದ ದಾರಿ

ಪಾಲು ದಾವೆ ಎರಡು ಹಂತದ್ದು. ಪ್ರಾಥಮಿಕ ಡಿಕ್ರಿಯಲ್ಲಿ ಯಾರಿಗೆ ಎಷ್ಟು ಎಂಬುದು ನಿರ್ಣಯವಾಗುತ್ತದೆ. ಅಂತಿಮ ಡಿಕ್ರಿಯ ಹಂತದಲ್ಲಿ ಹೊಲವನ್ನು ಅಳೆದು ಗಡಿ ಗುರುತಿಸಲಾಗುತ್ತದೆ. ಮೊದಲ ಹಂತ ಮುಗಿದು ಎರಡನೆಯದು ಆರಂಭವಾಗದೆ ವರ್ಷಗಳು ಉರುಳುವುದು ಸಾಮಾನ್ಯವಾಗಿತ್ತು. ಪ್ರಾಥಮಿಕ ಡಿಕ್ರಿಯ ನಂತರ ಯಾರೂ ಬೇರೆ ಅರ್ಜಿ ಹಾಕುವುದನ್ನು ಕಾಯದೆ ನ್ಯಾಯಾಲಯವೇ ಮುಂದುವರಿಯಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸೂಚಿಸಿದೆ. 2008ರಲ್ಲಿ ಧಾರವಾಡಕ್ಕೆ ಬಂದ ಹೈಕೋರ್ಟ್‌ನ ಸಂಚಾರಿ ಪೀಠ 2013ರಲ್ಲಿ ಕಾಯಂ ಆದದ್ದರಿಂದ ಮೇಲ್ಮನವಿಗೆ ಬೆಂಗಳೂರಿಗೆ ಅಲೆಯುವುದು ತಪ್ಪಿದೆ. ಆದರೂ ಅಲ್ಲಿಯವರೆಗೆ ಹೋದ ವ್ಯಾಜ್ಯ ಒಂದು ತಲೆಮಾರನ್ನೇ ನುಂಗಬಲ್ಲದು. ದಾವೆ ನಡೆಯುತ್ತಿರುವಾಗ ಒಬ್ಬ ಸಹೋದರ ಹೊಲ ಮಾರಿದರೆ ಕೊಂಡವನೂ ತೀರ್ಪಿಗೆ ಬದ್ಧನಾಗುತ್ತಾನೆ. ಕೊಳ್ಳುವವರು ಉತಾರವನ್ನಷ್ಟೇ ನೋಡಿ ಹಣ ಕೊಡಬಾರದು ಎನ್ನುವುದು ಇದಕ್ಕಾಗಿ.

ಲೋಕ ಅದಾಲತ್ ಹತ್ತಿರದ ದಾರಿ. ಅಲ್ಲಿ ರಾಜಿಯಾದ ತೀರ್ಮಾನ ಡಿಕ್ರಿಗೆ ಸಮ. ಅದರ ಮೇಲೆ ಮೇಲ್ಮನವಿ ಇಲ್ಲ. ಮಹಿಳೆಯರಿಗೆ ಅವರ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಸಹೋದರಿ ಸ್ವಇಚ್ಛೆಯಿಂದ ಪಾಲು ಬಿಟ್ಟುಕೊಡುವುದಕ್ಕೂ ಅಡ್ಡಿಯಿಲ್ಲ. ಅದು ನೋಂದಾಯಿತ ಹಕ್ಕು ಬಿಡುಗಡೆ ಪತ್ರವಾಗಿರಬೇಕು, ಅದರಲ್ಲಿ ಏನಿದೆ ಎಂದು ತಿಳಿದು ಅವಳು ಸಹಿ ಮಾಡಿರಬೇಕು. ಮೋಸದಿಂದ ಸಹಿ ಪಡೆದಿದ್ದರೆ, ತಿಳಿದ ದಿನದಿಂದ 3 ವರ್ಷದೊಳಗೆ ಅದರ ರದ್ದತಿಗೆ ದಾವೆ ಹೂಡಬೇಕು. ಉತ್ತರಾಧಿಕಾರದಿಂದ ಬಂದ ಪಾಲನ್ನು ಸಹೋದರಿ ಮಾರಬಯಸಿದರೆ, ಕೊಳ್ಳುವ ಮೊದಲ ಅವಕಾಶ ಇತರ ವಾರಸುದಾರರದು. ಇದು ಕೃಷಿ ಭೂಮಿಗೂ ಅನ್ವಯಿಸುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಕ್ಕತಂಗಿಯರಿಗೆ ಪಾಲು ಕೊಟ್ಟರೆ ಹೊಲ ಪರರ ಪಾಲಾಗುತ್ತದೆ ಎಂಬ ಅಳುಕಿಗೆ ಕಾನೂನಿನಲ್ಲೇ ಒಂದು ಪರಿಹಾರ ಇದೆ ಎಂದಾಯಿತು.

ಬರೆಯಬೇಕಾದ ಹೆಸರುಗಳು

ಪೌತಿ ಖಾತೆಯಿಂದ ಪಾಲು ಆಗುವುದಿಲ್ಲ. ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಬಂದರೆ ಅದು ಸರಿಯಾದ ಆರಂಭ ಅಷ್ಟೆ. ನಂತರ ಸರ್ವೆ ನಂಬರಿನ ಭಾಗಗಳಿಗೆ 11ಇ ನಕ್ಷೆ ಮಾಡಿಸಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪಾಲುಪತ್ರ ನೋಂದಾಯಿಸಿದರೆ ಮಾತ್ರ ವಾಟಣಿ ಭದ್ರ. ಹಿರಿಯರು ಬದುಕಿರುವಾಗಲೇ ಇದು ನಡೆದರೆ ಯಾವ ಆಸ್ತಿ ಪಿತ್ರಾರ್ಜಿತ, ಯಾವುದು ಸ್ವಯಾರ್ಜಿತ ಎಂದು ಹೇಳುವವರು ಇರುತ್ತಾರೆ. ಅವರ ನಂತರ ಅದೇ ಪ್ರಶ್ನೆಗೆ ಉತ್ತರ ಹುಡುಕಬೇಕಾದವರು ವಕೀಲರು.

ವಂಶಾವಳಿಯಲ್ಲಿ ಮಗಳ ಹೆಸರು ಬರೆಸುವುದರಿಂದ ಮನೆ ಒಡೆಯುತ್ತದೆ ಎಂಬ ಭಯ ಗಡಿ ತಾಲ್ಲೂಕುಗಳಲ್ಲಿ ಇನ್ನೂ ಇದೆ. 2020ರ ನಂತರದ ಸ್ಥಿತಿಯಲ್ಲಿ ಆ ಹೆಸರನ್ನು ಬಿಟ್ಟ ಮನೆಗಳೇ ಹೆಚ್ಚು ಅಪಾಯದಲ್ಲಿವೆ. ಬಿಟ್ಟ ಹೆಸರು ಇಂದಲ್ಲ ನಾಳೆ ದಾವೆಯ ಅರ್ಜಿಯಲ್ಲಿ ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ಹೊಲ ಮಾರಾಟವಾಗಿ, ಸಾಲ ಬೆಳೆದು, ಮೊಮ್ಮಕ್ಕಳ ಕಾಲ ಬಂದಿದ್ದರೆ, ಆಗ ತೆರಬೇಕಾದ ಬೆಲೆ ಇಂದು ಕೊಡಬೇಕಾದ ಪಾಲಿಗಿಂತ ದೊಡ್ಡದಾಗಿರುತ್ತದೆ.