ಡಬ್ಬಿಯಲ್ಲಿ ಉಳಿದ ಐದು ಗುಳಿಗೆ



ಕಿತ್ತೂರಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ರೊಟ್ಟಿ ಬಡಿಯುವಾಗ ಹಂಚು ತಾಗಿ ಅವರ ಕೈ ಸುಟ್ಟಿತಂತೆ. ಅಂಗಡಿಯಿಂದ ತಂದ 'ಪವರ್ ಗುಳಿಗಿ' ಎರಡು ದಿನ ನುಂಗಿದರಂತೆ. "ಉಳಿದದ್ದನ್ನ ಮುಂದ ಬೇಕಾದೀತು ಅಂತ ಇಟ್ಟೇನಿ, ನಡೀತದೇನ್ರಿ?" ಎಂದು ಕೇಳಿದ್ದಾರೆ. ನಡೆಯುವುದಿಲ್ಲ ತಾಯಿ. ಯಾಕೆ ಎಂಬುದನ್ನು ನಾನೇ ಮಾಡಿದ ತಪ್ಪಿನಿಂದ ಹೇಳುತ್ತೇನೆ.

ಹೋದ ವರ್ಷ ಹೋಳಿ ಹುಣ್ಣಿಮೆಯ ದಿನ. ಬೈಲಹೊಂಗಲದ ನಮ್ಮ ಮನೆಯಲ್ಲಿ ಹೋಳಿಗೆಯ ಗಡಿಬಿಡಿ. ನಮ್ಮ ನೆಗೆಣ್ಣಿ ಕಡಲೆಬೇಳೆಯ ಕಟ್ಟು ಬಸಿಯುವಾಗ ಪಾತ್ರೆ ಜಾರಿ, ಕುದಿಯುವ ಕಟ್ಟು ಅವಳ ಬಲಗಾಲಿನ ಮೇಲೆ ಸುರಿಯಿತು. ಒಬ್ಬರು ಹಲ್ಲಿನ ಪೇಸ್ಟ್ ಹಚ್ಚಿದರು, ಇನ್ನೊಬ್ಬರು ಅರಿಷಿಣ ಉದುರಿಸಿದರು. ನಾನು ಹಿರಿಯಳಲ್ಲವೇ, ಔಷಧದ ಡಬ್ಬಿ ತೆಗೆದೆ. ಮಗನ ಗಂಟಲು ನೋವಿಗೆ ತಂದು ಉಳಿದಿದ್ದ ಐದು ಗುಳಿಗೆ ಅದರಲ್ಲಿದ್ದವು. "ತಗೋ ತಂಗಿ, ಕೀವು ಆಗೂದಿಲ್ಲ" ಎಂದು ಕೊಟ್ಟೆ. ಪಾಪ, ನನ್ನ ಮಾತು ನಂಬಿ ನುಂಗಿದಳು.

ಏಳನೇ ದಿನಕ್ಕೆ ಜ್ವರ ಬಂತು. ಗಾಯಕ್ಕೆ ಸುತ್ತಿದ ಬಟ್ಟೆ ಹಸಿರಾಗಿತ್ತು, ಒಂದು ಥರ ವಾಸನೆ. ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಗಾಯದ ಕೀವನ್ನು ಹತ್ತಿಯಲ್ಲಿ ತೆಗೆದು 'ಕಲ್ಚರ್' ಪರೀಕ್ಷೆಗೆ ಕಳಿಸಿದರು. ಮೂರನೇ ದಿನ ಬಂದ ಕಾಗದದಲ್ಲಿ ಔಷಧಗಳ ಹೆಸರಿನ ಸಾಲು. ಕ್ರಿಮಿ ಸಾಯುವ ಔಷಧದ ಮುಂದೆ 'ಎಸ್', ಸಾಯದ್ದರ ಮುಂದೆ 'ಆರ್'. ಕಾಗದದ ತುಂಬ 'ಆರ್' ಇದ್ದವು. 'ಎಸ್' ಎಂದು ಇದ್ದದ್ದು ಎರಡೇ ಎರಡು.

ನನ್ನ ಎದೆ ಧಸಕ್ಕೆಂದಿತು. ಡಬ್ಬಿಯ ಸಂಗತಿ ಹೇಳಿಬಿಟ್ಟೆ. ಡಾಕ್ಟರು ಬೈಯಲಿಲ್ಲ. "ಅಕ್ಕಾರ, ನಿಮ್ಮ ಗುಳಿಗಿಂದನ ಹಿಂಗಾತು ಅಂತ ನಾ ಹೇಳಂಗಿಲ್ಲ. ಈ ಕ್ರಿಮಿ ಎಲ್ಲಿಂದ ಬಂತು ಹೇಳಾಕ ಬರೂದಿಲ್ಲ. ಆದ್ರ ಮನಿಮನ್ಯಾಗ ಹಿಂಗ ಅರ್ಧಮರ್ಧ ಗುಳಿಗಿ ತಿಂದನ ಇಂಥಾ ಕ್ರಿಮಿ ಬಲತಾವು" ಎಂದರು.

ಅವರು ತಿಳಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಮ್ಮ ಚರ್ಮ ಹೊಲದ ಬೇಲಿಯಿದ್ದಂತೆ. ಸುಟ್ಟಾಗ ಬೇಲಿ ಹೋಗುತ್ತದೆ. ಸತ್ತ ಚರ್ಮವೇ ಕ್ರಿಮಿಗಳಿಗೆ ಊಟ. ಅಲ್ಲಿಯ ರಕ್ತನಾಳಗಳೂ ಸುಟ್ಟಿರುವುದರಿಂದ ನುಂಗಿದ ಗುಳಿಗೆ ಅಲ್ಲಿಗೆ ಸರಿಯಾಗಿ ತಲುಪುವುದೇ ಇಲ್ಲ. ಆದ್ದರಿಂದಲೇ ಗಾಯ ತೊಳೆದು, ಬೆಳ್ಳಿ ಅಂಶದ ಮುಲಾಮಿನಂಥದ್ದನ್ನು ಮೇಲೆ ಹಚ್ಚಿ ಕಟ್ಟುತ್ತಾರೆ. ಹಸಿರು ಕೀವಿಗೆ ಕಾರಣವಾದ ಕ್ರಿಮಿಯ ಹೆಸರು ಸ್ಯೂಡೊಮೋನಾಸ್. ನಲ್ಲಿ, ಮೋರಿ, ಒದ್ದೆ ಅರಿವೆ, ಹೀಗೆ ಪಸೆ ಇದ್ದಲ್ಲೆಲ್ಲ ಅದು ಇರುತ್ತದೆ.

ಹತ್ತಿ ಬೆಳೆಯುವ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಮುಂದಿನದು ಬೇಗ ತಿಳಿದೀತು. ಔಷಧ ಹೊಡೆದೂ ಹೊಡೆದೂ ಕೊನೆಗೆ ಕಾಯಿಕೊರಕ ಹುಳ ಔಷಧಕ್ಕೇ ಅಂಜದಂತಾಯಿತಲ್ಲವೇ? ಇದೂ ಹಾಗೆಯೇ. ಬಡ ಕ್ರಿಮಿಗಳು ಸಾಯುತ್ತವೆ, ತಾಳಿಕೊಂಡ ಗಟ್ಟಿಗಳು ಉಳಿದು ಸಂತಾನ ಬೆಳೆಸುತ್ತವೆ. ತಾಳುವ ಗುಣವನ್ನು ಬೇರೆ ಕ್ರಿಮಿಗಳಿಗೂ ಹಂಚುತ್ತವೆ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ 1945ರಲ್ಲಿ ನೊಬೆಲ್ ಬಹುಮಾನದ ಭಾಷಣದಲ್ಲಿ ಈ ಎಚ್ಚರಿಕೆ ಕೊಟ್ಟಿದ್ದರು. ಈಗ ಎಲ್ಲ ಔಷಧ ಸೋತಾಗ ಡಾಕ್ಟರು ಕೊಲಿಸ್ಟಿನ್ ಎಂಬ ಹಳೆಯ ಔಷಧಕ್ಕೆ ಕೈ ಹಾಕಬೇಕಾಗುತ್ತದೆ. ಅದು ಮೂತ್ರಪಿಂಡಕ್ಕೆ ಭಾರ. ಕೋಳಿ ಮೊದಲಾದವುಗಳ ಮೇವಿನಲ್ಲಿ ಅದನ್ನು ಬೆರೆಸುವುದನ್ನು ಸರಕಾರ 2019ರಲ್ಲಿ ನಿಷೇಧಿಸಿತು.

ನೆಗೆಣ್ಣಿಗೆ ದಿನಾ ಸೂಜಿಯ ಔಷಧ ಕೊಟ್ಟರು. ತೊಡೆಯ ಚರ್ಮ ತೆಗೆದು ಕಾಲಿಗೆ ಹಚ್ಚಿದರು. ಒಂದು ತಿಂಗಳ ಮೇಲೆ ಆಸ್ಪತ್ರೆಯಲ್ಲಿ ಕಳೆದಳು. ಅವಳ ಸಣ್ಣ ಮಗಳು ರಾತ್ರಿ ನನ್ನ ಮಗ್ಗುಲಲ್ಲಿ ಮಲಗಿ "ದೊಡ್ಡವ್ವಾ, ಅವ್ವ ಯಾವಾಗ ಬರ್ತಾಳ?" ಎನ್ನುವಾಗ ನನ್ನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ.

ಇನ್ನು ಮಾಡಬೇಕಾದದ್ದನ್ನು ಕೇಳಿರಿ. ಸುಟ್ಟ ಕೂಡಲೇ ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಆಮೇಲೆ ಬಾತರೆ ಬರುವುದಿಲ್ಲ. ಹರಿಯುವ ತಣ್ಣೀರನ್ನು 20 ನಿಮಿಷ ಬಿಡಿರಿ. ಬರ್ಫ ಬೇಡ, ಪೇಸ್ಟ್, ಶಾಯಿ, ಅರಿಷಿಣ, ತುಪ್ಪ ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ. ಒಗೆದು ಒಣಗಿಸಿದ ಶುಭ್ರ ಬಟ್ಟೆ ಮುಚ್ಚಿರಿ. ಮುಖ, ಕೈ, ಪಾದ, ಕೀಲು ಸುಟ್ಟರೆ, ಗಾಯ ಅಂಗೈಗಿಂತ ದೊಡ್ಡದಿದ್ದರೆ, ಮಕ್ಕಳಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ವಾಹನ ಇಲ್ಲದಿದ್ದರೆ 108ಕ್ಕೆ ಫೋನು ಮಾಡಿರಿ. ಸವದತ್ತಿ ಗುಡ್ಡಕ್ಕೆ ಹೋಗಿ ಕಲ್ಲಿನ ಒಲೆ ಹೂಡುವವರು ಒಂದು ಕೊಡ ನೀರನ್ನು ಪಕ್ಕದಲ್ಲೇ ಇಟ್ಟುಕೊಳ್ಳಿರಿ. ಗಾಯ ಕಟ್ಟುವ ಮುಂಚೆ, ಕಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಗುಳಿಗೆಯ ಮಾತು: ಕೀವಿಲ್ಲದ ಸಣ್ಣ ಸುಟ್ಟ ಗಾಯಕ್ಕೆ ಪವರ್ ಗುಳಿಗೆ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದ ಔಷಧ. ಡಾಕ್ಟರು ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ತೆಗೆದುಕೊಳ್ಳಿರಿ. ಒಬ್ಬರದನ್ನು ಇನ್ನೊಬ್ಬರಿಗೆ ಕೊಡಬೇಡಿ.

ಈ ವಿಷಯ ಫೋನಿನಲ್ಲಿ ಹೇಳಿದಾಗ ರಾಮದುರ್ಗದಲ್ಲಿರುವ ನಮ್ಮವ್ವ, "ಉಳಿಸೂದು ಒಳ್ಳೇದು ಅಂತ ನಾನ ಕಲಿಸಿದ್ನೆಲ್ಲವಾ" ಎಂದು ನೊಂದುಕೊಂಡಳು. ಕಾಳು-ಕಡಿ ಉಳಿಸೋಣ, ದುಡ್ಡು ಉಳಿಸೋಣ. ಗುಳಿಗೆ ಮಾತ್ರ ಉಳಿಸುವುದು ಬೇಡ.

ಈ ವರ್ಷದ ಹೋಳಿಗೂ ಕಟ್ಟು ಬಸಿದವಳು ನೆಗೆಣ್ಣಿಯೇ. ನಾನು ಪಾತ್ರೆಯ ಇನ್ನೊಂದು ಬದಿ ಹಿಡಿದಿದ್ದೆ. ಔಷಧದ ಡಬ್ಬಿಯಲ್ಲಿ ಈಗ ಗುಂಡಿ, ಸೂಜಿ-ದಾರ ಇಟ್ಟಿದ್ದೇನೆ. ಕಿತ್ತೂರಿನ ತಂಗಿ, ನೀವೂ ನಿಮ್ಮ ಡಬ್ಬಿ ಇಂದೇ ತೆರೆದು ನೋಡಿರಿ.