ಆಟದ ಪರದೆಯ ಬೆಟ್ಟಗಳು ಮತ್ತು ವರ್ತಕರ ಲೆಕ್ಕಪುಸ್ತಕ

ವಸ್ತುಪ್ರದರ್ಶನಗಳ ಕಾಲ ಬಂತೆಂದರೆ ಮಳಿಗೆಯ ಹಿಂಬದಿಗೆ ತೂಗುಹಾಕಲು ಹತ್ತು ಅಡಿ ಅಗಲದ ನಿಸರ್ಗದೃಶ್ಯವೊಂದು ಬೇಕಾಗುತ್ತದೆ. ಕ್ಯಾಲೆಂಡರಿಗೆ, ಅಗರಬತ್ತಿಯ ಪೊಟ್ಟಣಕ್ಕೆ, ಹೋಟೆಲಿನ ಗೋಡೆಗೆ ಸಹ ಇದೇ ಬೇಡಿಕೆ. ಹಿಂದೆ ಇದಕ್ಕಾಗಿ ಛಾಯಾಗ್ರಾಹಕರನ್ನೋ ಮುದ್ರಣಾಲಯದವರ ಆಲ್ಬಮ್ಮನ್ನೋ ಆಶ್ರಯಿಸುವ ವಾಡಿಕೆಯಿತ್ತು. ಈಗ ವಿನ್ಯಾಸಕಾರರ ಗಣಕಯಂತ್ರದಲ್ಲಿ, ಕೆಲವೊಮ್ಮೆ ವರ್ತಕರ ಮನೆಮಕ್ಕಳ ಗಣಕಯಂತ್ರದಲ್ಲೇ, ಮತ್ತೊಂದು ಮೂಲ ತೆರೆದುಕೊಂಡಿದೆ. ವಿಡಿಯೋ ಆಟದ ಪರದೆಯಿಂದ ತುಣುಕು ತುಣುಕಾಗಿ ಸೆರೆಹಿಡಿದು, ಒಂದಕ್ಕೊಂದು ಹೊಲಿದು ಸಿದ್ಧಪಡಿಸಿದ ವಿಶಾಲದೃಶ್ಯ ಚಿತ್ರವೇ ಅದು, ರೂಢಿಯಲ್ಲಿ ಪನೋರಮಾ. ಈ ವಿದ್ಯೆ ಗೌರವಕ್ಕೆ ಅರ್ಹವಾದುದು. ಅದರ ಫಲವನ್ನು ಸರಕಿನ ಮೇಲೆ ಮುದ್ರಿಸುವುದು ಮಾತ್ರ ಬೇರೆಯೇ ಮಾತು. ಇವೆರಡನ್ನೂ ಒಂದೇ ಎಂದು ಭಾವಿಸುವ ಧೋರಣೆ ಸಣ್ಣ ಉದ್ದಿಮೆಗಳಿಗೆ ದುಬಾರಿಯಾಗಿ ಪರಿಣಮಿಸಬಲ್ಲದು.

ಪನೋರಮಾ ಹುಟ್ಟಿದ್ದೇ ವ್ಯಾಪಾರವಾಗಿ ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. ಎಡಿನ್‌ಬರೋದಲ್ಲಿ ನೆಲೆಸಿದ್ದ ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ ನೋಡುಗನ ಸುತ್ತಲೂ ಆವರಿಸುವ ಚಿತ್ರದ ವಿಧಾನಕ್ಕೆ 1787ರಲ್ಲಿ ಪೇಟೆಂಟ್ ಪಡೆದ. 1793ರಲ್ಲಿ ಲಂಡನ್ನಿನ ಲೀಸ್ಟರ್ ಚೌಕದಲ್ಲಿ ಅದಕ್ಕೆಂದೇ ದುಂಡನೆಯ ಕಟ್ಟಡ ತೆರೆದು, ಪ್ರವೇಶ ಶುಲ್ಕ ವಿಧಿಸಿ ಜನರಿಗೆ ತೋರಿಸಿದ. ಕನ್ನಡ ನಾಡು ಸಹ ಬಹುಬೇಗ ಈ ವ್ಯಾಪಾರದ ಸರಕಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ಮರುವರ್ಷವೇ ರಾಬರ್ಟ್ ಕರ್ ಪೋರ್ಟರ್ ಎಂಬ ತರುಣ ಆ ಮುತ್ತಿಗೆಯ ಸುಮಾರು 120 ಅಡಿ ಉದ್ದದ ಚಿತ್ರವನ್ನು ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶಿಸಿದ. ಕಾವೇರಿಯನ್ನು ಆತ ಕಂಡವನಲ್ಲ. ಕಾಣದ ಊರನ್ನು ಕಣ್ಣಿಗೆ ಕಟ್ಟುವಂತೆ ನಿರ್ಮಿಸಿ ಹಣ ಗಳಿಸುವ ಕಲೆಗೆ ಹೀಗೆ ಇನ್ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಇಂದಿನ ಆಟಗಳ ನಿರ್ಮಾತೃಗಳು ಮಾಡುತ್ತಿರುವುದೂ ಅದನ್ನೇ. 2011ರಲ್ಲಿ ಹೊರಬಂದ ಸ್ಕೈರಿಮ್ ಆಟದ ಹಿಮಪರ್ವತಗಳಾಗಲಿ, ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆ 2015ರಲ್ಲಿ ತಂದ ವಿಚರ್ 3 ಆಟದ ದ್ವೀಪಗಳಾಗಲಿ ಯಾವ ಭೂಪಟದಲ್ಲಿಯೂ ಇಲ್ಲ.

ಹೀಗಿರುವಾಗ ಒಂದೇ ಒಂದು ಸ್ಕ್ರೀನ್‌ಶಾಟ್ ಸಾಲದೇಕೆ? ಉತ್ತರ ಸರಳವಾದ ಲೆಕ್ಕದಲ್ಲಿದೆ. ಸಾಮಾನ್ಯ ಪರದೆಯ ಅಗಲ 1,920 ಚುಕ್ಕೆ, ಎತ್ತರ 1,080 ಚುಕ್ಕೆ. ಅಂಗುಲಕ್ಕೆ 300 ಚುಕ್ಕೆಯಂತೆ ಉತ್ತಮ ಮುದ್ರಣ ಬಯಸಿದರೆ ಈ ಚಿತ್ರ 6.4 ಅಂಗುಲ ಅಗಲಕ್ಕೆ ಮುಗಿದುಹೋಗುತ್ತದೆ. ಅದನ್ನೇ ಹತ್ತು ಅಡಿಗೆ ಹಿಗ್ಗಿಸಿದರೆ ಅಂಗುಲಕ್ಕೆ ಕೇವಲ 16 ಚುಕ್ಕೆ ಉಳಿದು, ಬೆಟ್ಟವು ಮಸುಕು ಚೌಕಗಳ ರಾಶಿಯಾಗುತ್ತದೆ. ಹತ್ತಿರ ನಿಂತು ನೋಡುವವರಿಗೂ ಒಪ್ಪುವಂತೆ ಅಂಗುಲಕ್ಕೆ 100 ಚುಕ್ಕೆ ಇರಿಸಬೇಕೆಂದರೆ ಹತ್ತು ಅಡಿ ಅಗಲಕ್ಕೆ 12,000, ಎಂಟು ಅಡಿ ಎತ್ತರಕ್ಕೆ 9,600 ಚುಕ್ಕೆಗಳು ಬೇಕು. ಪಕ್ಕಪಕ್ಕದ ತುಣುಕುಗಳು ಶೇಕಡಾ 30ರಷ್ಟು ಒಂದರ ಮೇಲೊಂದು ಬೀಳಬೇಕಾದುದರಿಂದ ಒಂದು ಸಾಲಿಗೆ 9, ಅಂತಹ 13 ಸಾಲುಗಳು. ಸ್ಥೂಲವಾಗಿ 117 ಸ್ಕ್ರೀನ್‌ಶಾಟ್‌ಗಳು.

ಈ 117 ತುಣುಕುಗಳನ್ನು ತೆಗೆಯುವುದು ಗುಂಡಿ ಒತ್ತಿದಷ್ಟು ಸುಲಭವಲ್ಲ. ಆಟದಲ್ಲಿ ಮೋಡ ಚಲಿಸುತ್ತದೆ, ಹುಲ್ಲು ಅಲುಗುತ್ತದೆ, ಹೊತ್ತು ಸರಿದಂತೆ ನೆರಳು ಉದ್ದವಾಗುತ್ತದೆ. ಆದ್ದರಿಂದ ಆಟವನ್ನು ಸ್ತಬ್ಧಗೊಳಿಸಿಯೂ ಕ್ಯಾಮೆರಾ ತಿರುಗಿಸಲು ಸಾಧ್ಯವಿರುವ ಆಟವನ್ನೇ ಆರಿಸಬೇಕು. ನಾಯಕನ ಬೆನ್ನ ಹಿಂದೆ ನಿಲ್ಲುವ ಕ್ಯಾಮೆರಾ ತಿರುಗುವಾಗ ಆತನ ಸುತ್ತ ಪ್ರದಕ್ಷಿಣೆ ಹಾಕುತ್ತದೆ. ಆಗ ಹತ್ತಿರದ ಮರ ಒಂದು ತುಣುಕಿನಲ್ಲಿ ಬಂಡೆಯ ಎಡಕ್ಕೂ ಮತ್ತೊಂದರಲ್ಲಿ ಬಲಕ್ಕೂ ಕಂಡು, ಹೊಲಿಗೆ ಕೂಡಿಕೊಳ್ಳುವುದಿಲ್ಲ. ನಾಯಕನ ಕಣ್ಣಿನಿಂದಲೇ ನೋಡುವ ನೋಟದಲ್ಲಿ ಕ್ಯಾಮೆರಾ ನಿಂತಲ್ಲೇ ತಿರುಗುವುದರಿಂದ ಈ ತೊಡಕು ಇಲ್ಲ. ಬೆಳಕಿನತ್ತ ತಿರುಗಿದೊಡನೆ ದೃಶ್ಯವು ತಾನಾಗಿ ಮಂಕಾಗುವ ಏರ್ಪಾಡನ್ನೂ, ಪರದೆಯ ಅಂಚುಗಳನ್ನು ಕಪ್ಪಾಗಿಸುವ ಏರ್ಪಾಡನ್ನೂ ನಿಲ್ಲಿಸದಿದ್ದರೆ ಆಕಾಶದಲ್ಲಿ ತೇಪೆ ಹಾಕಿದಂತೆ ಪಟ್ಟೆಗಳು ಮೂಡುತ್ತವೆ. ಹೊಲಿಗೆಗೆ ಹ್ಯುಗಿನ್ ಎಂಬ ಉಚಿತ ತಂತ್ರಾಂಶವಿದೆ; ನೋಟದ ಕೋನ ಎಷ್ಟು ಡಿಗ್ರಿ ಎಂಬುದನ್ನು ಸರಿಯಾಗಿ ತಿಳಿಸಿದರೆ ಸಾಮ್ಯವಿರುವ ಬಿಂದುಗಳನ್ನು ಅದೇ ಹುಡುಕಿ ಜೋಡಿಸುತ್ತದೆ. 2016ರಲ್ಲಿ ಎನ್‌ವಿಡಿಯಾ ಸಂಸ್ಥೆಯು ಆನ್ಸೆಲ್ ಎಂಬ ಸಾಧನವನ್ನು ತಂದು, ಕೆಲವು ಆಟಗಳ ಮಟ್ಟಿಗೆ ಈ ಕೆಲಸವನ್ನೆಲ್ಲ ಯಂತ್ರಕ್ಕೇ ವಹಿಸಿತ್ತು. ಕೈಕೆಲಸದ ಅಭಿಮಾನಿಗಳು ಆದರೂ ಇದ್ದಾರೆ. ಇಷ್ಟು ತಾಳ್ಮೆಯಿಂದ ದುಡಿಯುವ ಹುಡುಗನನ್ನು ಆಟದಲ್ಲಿ ಕಾಲಹರಣ ಮಾಡುತ್ತಾನೆಂದು ಗದರುವ ಹಿರಿಯರು ಒಮ್ಮೆಯಾದರೂ ಅವನ ಬಳಿ ಕುಳಿತು ನೋಡುವುದು ಒಳ್ಳೆಯದು.

ಆದರೆ ಇಷ್ಟೆಲ್ಲ ಶ್ರಮಪಟ್ಟ ಮಾತ್ರಕ್ಕೆ ಚಿತ್ರ ಅವನದಾಗುವುದೇ? ‘ಗುಂಡಿ ಒತ್ತಿದವನು ನಾನು, ಹೊಲಿದವನು ನಾನು’ ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. 1957ರ ಕೃತಿಸ್ವಾಮ್ಯ ಅಧಿನಿಯಮವು ಗಣಕಯಂತ್ರದಿಂದ ಸೃಷ್ಟಿಯಾದ ಕೃತಿಗೆ, ಅದು ಸೃಷ್ಟಿಯಾಗಲು ಕಾರಣನಾದ ವ್ಯಕ್ತಿಯೇ ಕರ್ತೃ ಎನ್ನುತ್ತದೆ. ಆದರೆ ಬೆಟ್ಟ, ಮರ, ಕೋಟೆಗಳನ್ನು ರೂಪಿಸಿದವರು ಬೇರೆ. ಅವರ ಚಿತ್ರಗಳು ಕಲಾಕೃತಿಗಳು. ಆಟದ ತಂತ್ರಾಂಶಕ್ಕೂ ಅದೇ ಅಧಿನಿಯಮದ ರಕ್ಷಣೆ ಇದೆ. ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿದಂತೆ ಬರೀ ಬೆವರು ಸುರಿಸಿದುದಕ್ಕೆ ಕೃತಿಸ್ವಾಮ್ಯ ಲಭಿಸದು, ಕನಿಷ್ಠ ಪ್ರಮಾಣದ ಸೃಜನಶೀಲತೆಯೂ ಬೇಕು. ಹೊಲಿದವನ ಆಯ್ಕೆಯಲ್ಲಿ ಅಂತಹ ಸೃಜನಶೀಲತೆ ಇದೆಯೆಂದೇ ಇಟ್ಟುಕೊಂಡರೂ ಆತನ ಹಕ್ಕು ತಾನು ಸೇರಿಸಿದ್ದಕ್ಕೆ ಮಾತ್ರ. ಬಾಡಿಗೆ ಮನೆಗೆ ಸುಣ್ಣ ಬಳಿದವನು ಮನೆಯ ಒಡೆಯನಾಗುವುದಿಲ್ಲ.

ಸ್ವಂತ ಸಂತೋಷಕ್ಕೆ ಮಾಡಿಕೊಂಡ ಚಿತ್ರದ ಬಗ್ಗೆ ಆತಂಕ ಪಡಬೇಕಾಗಿಲ್ಲ. ಖಾಸಗಿ ಬಳಕೆಯ ನ್ಯಾಯೋಚಿತ ವ್ಯವಹಾರಕ್ಕೆ 52ನೇ ಪ್ರಕರಣದಲ್ಲಿ ಅವಕಾಶವಿದೆ. ಮೈಕ್ರೋಸಾಫ್ಟ್‌ನಂತಹ ಸಂಸ್ಥೆಗಳು ತಮ್ಮ ಆಟದ ದೃಶ್ಯಗಳನ್ನು ವಾಣಿಜ್ಯೇತರವಾಗಿ ಬಳಸಲು ನಿಯಮಾವಳಿಯ ಮೂಲಕವೇ ಅನುಮತಿ ನೀಡಿವೆ. ತೊಡಕು ಆರಂಭವಾಗುವುದು ಅದೇ ಚಿತ್ರ ಪೊಟ್ಟಣದ ಮೇಲೆ ಅಚ್ಚಾದಾಗ. ತಿಳಿದೂ ಕೃತಿಸ್ವಾಮ್ಯವನ್ನು ಉಲ್ಲಂಘಿಸಿದವರಿಗೆ 63ನೇ ಪ್ರಕರಣದಂತೆ ಆರು ತಿಂಗಳಿಂದ ಮೂರು ವರ್ಷದವರೆಗೆ ಕಾರಾಗೃಹವಾಸ ಹಾಗೂ 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಅಲ್ಲದಿದ್ದಲ್ಲಿ ಶಿಕ್ಷೆ ತಗ್ಗಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆಯಾದರೂ ವರ್ತಕರಿಗೆ ಆ ರಿಯಾಯಿತಿ ದೊರೆಯುವುದು ಕಷ್ಟ. ಇದು ಜಾಮೀನುರಹಿತ ಅಪರಾಧವೆಂದು 2022ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ‘ವಿನ್ಯಾಸಕಾರ ಕೊಟ್ಟ, ಮುದ್ರಿಸಿದೆವು, ನಮಗೇನೂ ತಿಳಿಯದು’ ಎನ್ನುವವರಿಗೆ 55ನೇ ಪ್ರಕರಣ ಅಲ್ಪ ಆಶ್ರಯ ನೀಡುತ್ತದೆ. ಆದರೆ ಅಲ್ಲಿಯೂ ತಡೆಯಾಜ್ಞೆ ತಪ್ಪದು. ಮಾರಾಟದಿಂದ ಬಂದ ಲಾಭದಲ್ಲಿ ಪೂರ್ಣವನ್ನಾಗಲಿ ಭಾಗವನ್ನಾಗಲಿ ಒಪ್ಪಿಸಬೇಕಾಗಬಹುದು. ಅಚ್ಚಾದ ಪೊಟ್ಟಣಗಳ ದಾಸ್ತಾನು ಉಗ್ರಾಣದಲ್ಲಿಯೇ ಕೊಳೆಯುವ ನಷ್ಟ ಬೇರೆ. ವಿದೇಶದ ಕಂಪನಿ ಇಲ್ಲಿಯವರೆಗೆ ಬರುವುದುಂಟೇ ಎಂಬ ಧೈರ್ಯವೂ ಸಲ್ಲದು. ಬರ್ನ್ ಒಪ್ಪಂದದ ದೇಶಗಳ ಕೃತಿಗಳಿಗೆ ಭಾರತದಲ್ಲಿಯೂ ರಕ್ಷಣೆಯಿದೆ. ಮೇಲಾಗಿ ರಫ್ತು ಮಾಡುವವರ ಸರಕು ಆ ದೇಶಗಳಿಗೇ ಹೋಗಿ ಇಳಿಯುತ್ತದೆ.

ಹಾಗಾದರೆ ಆ ಹುಡುಗನ ವಿದ್ಯೆ ವ್ಯರ್ಥವೇ? ಇಲ್ಲ. ವ್ಯಾಪಾರಿಗಳ ಕಣ್ಣು ಬೀಳಬೇಕಾದದ್ದು ಅವನ ಚಿತ್ರದ ಮೇಲಲ್ಲ, ಅವನ ಕೈಚಳಕದ ಮೇಲೆ. ತುಣುಕು ತೆಗೆದು ಹೊಲಿಯುವ ಕ್ರಮ ನಿಜವಾದ ಕ್ಯಾಮೆರಾಕ್ಕೂ ಬಹುಮಟ್ಟಿಗೆ ಅದೇ, ತಂತ್ರಾಂಶವೂ ಅದೇ. ಹೆಚ್ಚಿಗೆ ಬೇಕಾಗುವುದು ಒಂದು ಗಟ್ಟಿ ಮುಕ್ಕಾಲಿ, ಒಳ್ಳೆಯ ಬೆಳಕಿಗಾಗಿ ಕಾಯುವ ವ್ಯವಧಾನ. ಅವನನ್ನು ಎರಡು ದಿನ ಮುಳ್ಳಯ್ಯನಗಿರಿಗೆ ಕಳುಹಿಸಿದರೆ ಮಳಿಗೆಗೆ ಬೇಕಾದ ಹಿನ್ನೆಲೆ ಸಿದ್ಧವಾಗುತ್ತದೆ. ಬೆಳಗಾವಿಯ ಫೌಂಡ್ರಿ ಮಾಲೀಕರು ತಮ್ಮ ಕಾರ್ಖಾನೆಯ ಒಳಾಂಗಣವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಬಹುದಾದ ಚಿತ್ರವಾಗಿ ದೂರದೇಶದ ಖರೀದಿದಾರರಿಗೆ ಕಳುಹಿಸಲೂ ಇದೇ ವಿದ್ಯೆ ಸಾಕು. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ವಿರುದ್ಧವಾದ ಕರಾರು ಇಲ್ಲದಿದ್ದಲ್ಲಿ, ತೆಗೆಸಿದವರೇ ಮೊದಲ ಒಡೆಯರೆಂದು 17ನೇ ಪ್ರಕರಣ ಹೇಳುತ್ತದೆ. ಎರಡು ದಿನದ ಖರ್ಚು ಹಾಗೂ ಸಂಭಾವನೆಯನ್ನು ಒಂದು ಮೊಕದ್ದಮೆಯ ವಕೀಲರ ಶುಲ್ಕದೊಡನೆ ಹೋಲಿಸಿ ನೋಡುವ ಕೆಲಸವನ್ನು ಆಯಾ ವರ್ತಕರಿಗೇ ಬಿಡಬಹುದು.

ಆಟದ ದೃಶ್ಯವೇ ಬೇಕೆಂದು ಹಠ ಹಿಡಿಯುವವರು ನಿರ್ಮಾತೃ ಸಂಸ್ಥೆಯಿಂದ ಲಿಖಿತ ಪರವಾನಗಿ ಪಡೆಯತಕ್ಕದ್ದು. ವಿದೇಶಕ್ಕೆ ಪಾವತಿಸುವ ಇಂತಹ ಶುಲ್ಕದ ಮೇಲೆ ಮೂಲದಲ್ಲಿ ತೆರಿಗೆ ಕಡಿತದ ಪ್ರಶ್ನೆಯೂ, ಜಿಎಸ್‌ಟಿಯನ್ನು ಪಡೆದವರೇ ಕಟ್ಟುವ ರಿವರ್ಸ್ ಚಾರ್ಜ್ ಪ್ರಶ್ನೆಯೂ ಏಳುತ್ತವೆ. ಪಾವತಿಗೆ ಮೊದಲೇ ಲೆಕ್ಕಪರಿಶೋಧಕರ ಗಮನಕ್ಕೆ ತರುವುದು ಕ್ಷೇಮ. ಸ್ಥಳೀಯ ವಿನ್ಯಾಸಕಾರರಿಂದ ಕೆಲಸ ಮಾಡಿಸಿಕೊಳ್ಳುವವರ ವೋಚರ್ ಕಡತದಲ್ಲಿ ‘ವಿನ್ಯಾಸ ಶುಲ್ಕ’ ಎಂಬ ಒಂದು ಸಾಲಿನ ಬಿಲ್ಲು ಬಿಟ್ಟರೆ ಬೇರೇನೂ ಇಲ್ಲದಿರುವುದೇ ಹೆಚ್ಚು. ಅದರ ಜೊತೆಗೆ, ಬಳಸಿದ ಪ್ರತಿಯೊಂದು ಚಿತ್ರದ ಮೂಲವನ್ನು ತಿಳಿಸಿ ಹಕ್ಕನ್ನು ವರ್ಗಾಯಿಸುವ, ವಿನ್ಯಾಸಕಾರರ ಸಹಿಯುಳ್ಳ ಪತ್ರ ಇರಬೇಕು. ಆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ 19ನೇ ಪ್ರಕರಣದಂತೆ ಹಕ್ಕು ಐದು ವರ್ಷಕ್ಕೆ ಮುಗಿಯುತ್ತದೆ. ಪ್ರದೇಶವನ್ನು ನಮೂದಿಸದಿದ್ದರೆ ಅದು ಭಾರತಕ್ಕಷ್ಟೇ ಸೀಮಿತವೆಂದು ಭಾವಿಸಲಾಗುತ್ತದೆ. ದುಬೈಗೋ ಸಿಂಗಪುರಕ್ಕೋ ಪೊಟ್ಟಣ ಕಳುಹಿಸುವವರು ಆ ದೇಶಗಳ ಹೆಸರನ್ನೂ ಬರೆಯಿಸಿಕೊಂಡು ಸಹಿ ಹಾಕಿಸತಕ್ಕದ್ದು.